ಗಾಜಿನ ಜಾಡಿಯಲ್ಲಿ ಜೋಯಿಯಾದಿಂದ ಏಡಿಯವರೆಗೆ: ನನ್ನ ಅನುಭವ

ಹ್ಯಾಚರಿ (ಮೊಟ್ಟೆ ಒಡೆಸಿ ಮರಿ ಸಾಕುವ ಕೇಂದ್ರ) ಇಲ್ಲದೆ, ಬರೀ ಗಾಜಿನ ಜಾಡಿಯಲ್ಲಿ ಜೋಯಿಯಾವನ್ನು, ಅಂದರೆ ಏಡಿಯ ಮೊಟ್ಟೆಯಿಂದ ಬರುವ ಈಜುವ ಮರಿಹುಳುವನ್ನು, ಏಡಿಮರಿಯ ತನಕ ತರಲು ಆಗುವುದಿಲ್ಲ ಎಂದು ಬಹಳ ಜನ ಹೇಳಿದ್ದರು. ತಂದಿದ್ದೇನೆ. ಒಂದೇ ತಾಯಿಯ ಮೊಟ್ಟೆಗಳು, ನಾಲ್ಕು ಹಂತದ ಜೋಯಿಯಾ, ಆಮೇಲೆ ಮೆಗಲೋಪಾ (ಜೋಯಿಯಾಕ್ಕೂ ಏಡಿಗೂ ನಡುವಿನ ಹಂತ), ಕೊನೆಗೆ ಅಡ್ಡಡ್ಡ ಓಡುವ ಏಡಿ. ಸುಮಾರು 200 ಜೋಯಿಯಾಗಳಲ್ಲಿ 15-20 ಉಳಿದವು. ಜಾಡಿಯಲ್ಲಿ ಸಾಕಿ ನೋಡಿದವರಿಗೆ ಇದು ಎಷ್ಟು ಜಾಸ್ತಿ ಎಂದು ಗೊತ್ತಾಗುತ್ತದೆ.

ಈ ಹುಚ್ಚು ಹಿಡಿಸಿದವರು ಜಾನ್ ವಾನ್ ಥಾಂಪ್ಸನ್. ಸೈನ್ಯದ ಸರ್ಜನ್. 1816ರಲ್ಲಿ ಐರ್ಲೆಂಡಿನ ಕಾರ್ಕ್‌ಗೆ ಬಂದರು. ದೋಣಿಯ ಹಿಂದೆ ಮಸ್ಲಿನ್ ಬಲೆ ಎಳೆದು, ಸಿಕ್ಕಿದ್ದನ್ನು ಗಾಜಿನ ಪಾತ್ರೆಯಲ್ಲಿ ಸಾಕುತ್ತಿದ್ದರು. ಆಗ ಜೋಯಿಯಾ ಅಂದರೆ ಬೇರೆಯೇ ಒಂದು ಪ್ರಾಣಿ ಎಂಬ ನಂಬಿಕೆ. 1823ರಲ್ಲಿ ಅವರು ಸಾಕಿದ ಜೋಯಿಯಾ ಪೊರೆ ಬಿಡುತ್ತಾ ಅರ್ಧಕ್ಕೇ ಸತ್ತಿತು. ಅದರಲ್ಲೇ ಅವರಿಗೆ ಏಡಿಯ ಜಾತಿಯ ಕಾಲುಗಳು ಕಂಡವು. 1827ರಲ್ಲಿ ಏಡಿಯ ಮೊಟ್ಟೆ ಒಡೆದಾಗ ಹೊರಬಂದದ್ದೂ ಜೋಯಿಯಾವೇ.

ಆದರೂ ಜನ ಒಪ್ಪಲಿಲ್ಲ. ರಾಥ್ಕೆ ಎಂಬ ಜೀವವಿಜ್ಞಾನಿ ಸಿಹಿನೀರಿನ ಕ್ರೇಫಿಶ್ (ಏಡಿಯ ಬಳಗದ ಪ್ರಾಣಿ) ತೋರಿಸಿದರು. ಅದರ ಮರಿ ಮೊಟ್ಟೆಯಿಂದಲೇ ದೊಡ್ಡದರ ರೂಪದಲ್ಲಿ ಬರುತ್ತದೆ. ವೆಸ್ಟ್‌ವುಡ್ ಎಂಬ ಇನ್ನೊಬ್ಬ ವಿಜ್ಞಾನಿ 1835ರಲ್ಲಿ ನೆಲದ ಏಡಿಯೊಂದನ್ನು ಮುಂದಿಟ್ಟು ರೂಪಾಂತರವೇ ಇಲ್ಲ ಎಂದರು. ಥಾಂಪ್ಸನ್ ಅದೇ ವರ್ಷ ದಡದ ಏಡಿಯನ್ನು ಹಿಡಿದು ಉತ್ತರ ಕೊಟ್ಟರು. ಒಂದು ಜಾತಿ ನೋಡಿ ಎಲ್ಲಕ್ಕೂ ತೀರ್ಪು ಕೊಟ್ಟದ್ದು ಅವರ ವಿರೋಧಿಗಳು, ಅಲ್ವಾ? ತಮ್ಮ ಸಂಶೋಧನೆಯನ್ನು ಥಾಂಪ್ಸನ್ ಕಾರ್ಕ್‌ನಲ್ಲೇ, ಕೈಯಿಂದ ಹಣ ಹಾಕಿ, 1828ರಿಂದ ಕಂತುಕಂತಾಗಿ ಅಚ್ಚು ಹಾಕಿಸಿದರು. ಅದನ್ನು ನೆನೆದರೆ ನನ್ನ ಖರ್ಚು ಏನೂ ಅಲ್ಲ.

ಆದರೂ ಖರ್ಚಿನ ಮಾತು ಆಡಲೇಬೇಕು. ಮುಕ್ಕಾಲು ಪಾಲು ಮೈಕ್ರೋಸ್ಕೋಪಿಗೆ ಹೋಯಿತು. ಉಳಿದದ್ದರಲ್ಲಿ ಅರ್ಧ ಆರ್ಟೀಮಿಯ ಡಬ್ಬಿಗೆ (ಆರ್ಟೀಮಿಯ ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ, ಅದರ ಒಣ ಮೊಟ್ಟೆ ಒಡೆಸಿ ಮರಿಗಳಿಗೆ ತಿನ್ನಿಸುತ್ತೇನೆ). ಜಾಡಿ, ಬಟ್ಟೆ, ಪಿಪೆಟ್ ಲೆಕ್ಕಕ್ಕೇ ಇಲ್ಲ. ಒಬ್ಬ ವ್ಯಾಪಾರಿ ಕೊಟ್ಟ ಡಬ್ಬಿ ಹಳೆಯದು, ಹತ್ತರಲ್ಲಿ ಒಂದೋ ಎರಡೋ ಮೊಟ್ಟೆ ಒಡೆಯುತ್ತಿತ್ತು. ಒಡೆಯದ ಸಿಪ್ಪೆಗಳು ಜಾಡಿ ತುಂಬಾ ಕೊಳೆತು ಒಂದಿಡೀ ತಂಡ ಹೋಯಿತು. ಆ ಹಣವೂ ಹೋಯಿತು.

ಸಾವು ಬರುವುದು ಹೆಚ್ಚಾಗಿ ಪೊರೆ ಬಿಡುವಾಗಲೇ. ಥಾಂಪ್ಸನ್ ಅವರ ಜೋಯಿಯಾಕ್ಕೆ ಆದದ್ದೇ ನನ್ನವಕ್ಕೂ ಆಯಿತು. ಬೆನ್ನಿನ ಮುಳ್ಳು ಹಳೆಯ ಪೊರೆಯಿಂದ ಹೊರಗೆ ಬಂದಿರುತ್ತದೆ, ಬಾಲ ಮಾತ್ರ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಹೃದಯ ಇನ್ನೂ ಬಡಿಯುತ್ತಿರುವುದು ಲೆನ್ಸಿನಡಿ ಕಾಣುತ್ತದೆ. ಸೂಜಿ ಹಾಕಿ ಬಿಡಿಸಲು ಹೋಗಬೇಡಿ, ಒಂದೂ ಬದುಕುವುದಿಲ್ಲ.

ತಿರುವು ಸಿಕ್ಕಿದ್ದು ಬೆಳಕಿನಿಂದ. ಜಾಡಿಗೆ ಮೂರು ಕಡೆ ಕಪ್ಪು ಕಾಗದ ಸುತ್ತಿ, ಒಂದು ಕಡೆಯಿಂದ ದೀಪ ಬಿಟ್ಟರೆ ಗಟ್ಟಿಯಾದ ಜೋಯಿಯಾಗಳೆಲ್ಲ ಅಲ್ಲಿಗೆ ಮುತ್ತುತ್ತವೆ. ಸೋತವು, ಸತ್ತವು, ಸಿಪ್ಪೆ ಎಲ್ಲ ತಳಕ್ಕೆ. ಅಗಲ ಬಾಯಿಯ ಪಿಪೆಟ್‌ನಲ್ಲಿ ಬೆಳಕಿನ ಕಡೆಯವನ್ನು ಮಾತ್ರ ದಿನಾ ಹೊಸ ಜಾಡಿಗೆ ದಾಟಿಸಿದೆ. ಹೊಸ ನೀರು ಅದೇ ಉಪ್ಪು, ಅದೇ ಬಿಸಿ ಇರಲೇಬೇಕು. ಲೀಟರಿಗೆ 20ಕ್ಕಿಂತ ಜಾಸ್ತಿ ಹಾಕಲಿಲ್ಲ. ಮೊದಲ ಹಂತಕ್ಕೆ ರೋಟಿಫರ್ (ನೀರಿನ ಸೂಕ್ಷ್ಮ ಜೀವಿ), ಆಮೇಲೆ ಆಗಷ್ಟೇ ಒಡೆದ ಆರ್ಟೀಮಿಯ. ಒಂದು ರಾತ್ರಿ ಇಟ್ಟ ಆರ್ಟೀಮಿಯದಲ್ಲಿ ಸತ್ವ ಕಡಿಮೆಯಾಗುತ್ತದೆ. ಮೂರನೇ ಹಂತದಲ್ಲಿ ಇನ್ನೊಂದು ತಿನಿಸು ಸೇರಿಸುತ್ತೇನೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಇನ್ನೊಂದು ತಾಯಿಯ ಮರಿಗಳ ಮೇಲೂ ನೋಡಬೇಕು.

ಮೆಗಲೋಪಾ ಆದ ಕೂಡಲೇ ಬೇರೆ ಬೇರೆ ಮಾಡಿ. ಅವಕ್ಕೆ ಚಿಮಟ ಬಂದಿರುತ್ತದೆ, ಒಂದನ್ನೊಂದು ತಿಂದು ಮುಗಿಸುತ್ತವೆ. ಬಲೆಯ ತುಂಡು ಹಾಕಿದರೂ ಸಾಲದು. ಪುಟ್ಟ ಕಪ್‌ಗಳಲ್ಲಿ ಒಂದೊಂದೇ ಇಟ್ಟ ಮೇಲೇ ನನಗೆ ಏಡಿ ಸಿಕ್ಕಿದ್ದು.

ನಡುವೆ ಸುಮ್ನೆ ಇನ್ನೊಂದು ಕೆಲಸಕ್ಕೂ ಕೈ ಹಾಕಿದೆ. ಬಂಡೆಗೂ ದೋಣಿಯ ತಳಕ್ಕೂ ಅಂಟಿಕೊಳ್ಳುವ ಬಾರ್ನಕಲ್‌ಗಳನ್ನು ಒಂದು ಕಾಲದಲ್ಲಿ ಚಿಪ್ಪುಮೀನಿನ ಸಾಲಿಗೆ ಸೇರಿಸಿದ್ದರು. ಥಾಂಪ್ಸನ್ 1826ರಲ್ಲಿ ಬಲೆಗೆ ಬಿದ್ದ ಸಣ್ಣ ಈಜುವ ಜೀವಿಗಳನ್ನು ಸಾಕಿದರು. ಅವು ಪಾತ್ರೆಗೆ ಅಂಟಿ ಬಾರ್ನಕಲ್ ಆದವು. ಅಂದರೆ ಅವು ಏಡಿ, ಸಿಗಡಿಗಳ ಬಳಗ. ನನ್ನ ಸೈಪ್ರಿಡ್‌ಗಳು (ಅಂಟಿಕೊಳ್ಳಲು ಜಾಗ ಹುಡುಕುವ ಹಂತದ ಬಾರ್ನಕಲ್ ಮರಿಗಳು) ತೊಳೆದ ಗಾಜಿನ ಮೇಲೆ ಸುತ್ತಾಡಿದವೇ ಹೊರತು ಕೂರಲಿಲ್ಲ. ಹಳೆಯ ಬಾರ್ನಕಲ್ ಚೂರೊಂದನ್ನು ಹಾಕಿದೆ, ಅದರ ಪಕ್ಕದಲ್ಲೇ ಐದಾರು ಕೂತವು. ಈಗ ಆ ಚೂರನ್ನು ಅರೆದು ಗಾಜಿಗೆ ಹಚ್ಚಿ ನೋಡುತ್ತಿದ್ದೇನೆ. ಕಾಲು ಭಾಗ ಹಚ್ಚಿದ ಗಾಜಿನಲ್ಲಿ ಆಗಲೇ ಎರಡು ಮೂರು ಅಂಟಿವೆ, ಹಚ್ಚದ ಕಡೆ ಇನ್ನೂ ಒಂದೂ ಇಲ್ಲ.