ಎಫ್5 ಒತ್ತಿದಾಗ ಓಡಿತು, ಪಕ್ಕದ ಲ್ಯಾಪ್‌ಟಾಪಿನಲ್ಲಿ ಓಡಲಿಲ್ಲ

ನಮ್ಮ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪ್ರಾಜೆಕ್ಟಿನಲ್ಲಿ ಒಂದು ಕಾಂಪೊನೆಂಟ್, ಅಂದರೆ ಪುಟದ ಒಂದು ಬಿಡಿಭಾಗ, ಸೇರಿಸಬೇಕೆಂದರೆ ನಾಲ್ಕು ಫೈಲ್ ಬೇಕು: ಕಾಂಪೊನೆಂಟ್, ಸಿಎಸ್‌ಎಸ್, ಟೆಸ್ಟ್, ಇಂಡೆಕ್ಸ್. ಎಲ್ಲರೂ ಹಳೆಯದೊಂದನ್ನು ಕಾಪಿ ಮಾಡಿ ಹೆಸರು ಬದಲಿಸುತ್ತಿದ್ದೆವು, ಎಲ್ಲೋ ಒಂದು ಕಡೆ ಹಳೇ ಹೆಸರು ಉಳಿದುಬಿಡುತ್ತಿತ್ತು, ರಿವ್ಯೂನಲ್ಲಿ ಅದೇ ಮಾತು ಮತ್ತೆ ಮತ್ತೆ. ಇದಕ್ಕೆ ಸ್ನಿಪ್ಪೆಟ್ (ಚಿಕ್ಕ ಪದ ಟೈಪ್ ಮಾಡಿದರೆ ಸಿದ್ಧ ಕೋಡ್ ಕೊಡುವ ಸೌಲಭ್ಯ) ಸಾಕಲ್ವಾ ಅಂದುಕೊಂಡೆ. ಆದರೆ ಅದು ತೆರೆದಿರುವ ಫೈಲಿನೊಳಗೆ ಕೋಡ್ ತುಂಬುತ್ತದೆ ಅಷ್ಟೇ, ಹೊಸ ಫೈಲ್ ಹುಟ್ಟಿಸುವುದಿಲ್ಲ. ಹಾಗಾಗಿ ನಾವು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ, ಆ ನಾಲ್ಕೂ ಫೈಲ್ ಮಾಡಿಕೊಡುವ ಒಂದು ಎಕ್ಸ್‌ಟೆನ್ಷನ್ (ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ) ನಾನೇ ಬರೆಯಲು ಕೂತೆ.

ಶುರು ಮಾಡುವುದು ಸುಲಭ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತಂದುಕೊಡುವ ಎನ್‌ಪಿಎಂನಿಂದ ಯೋಮನ್ (ಹೊಸ ಪ್ರಾಜೆಕ್ಟಿನ ಆರಂಭದ ಫೈಲುಗಳನ್ನು ಮಾಡಿಕೊಡುವ ಸಾಧನ) ಮತ್ತು ಅದರ ಕೋಡ್ ಜನರೇಟರ್ ಹಾಕಿಕೊಂಡು 'ಯೋ ಕೋಡ್' ಎಂದು ಟೈಪ್ ಮಾಡಿದರೆ ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್ ರೆಡಿ. (ಜನರೇಟರ್ ಬರೆಯಲು ಇನ್ನೊಂದು ಜನರೇಟರ್!) ಎಕ್ಸ್‌ಟೆನ್ಷನ್ನಿನ ವಿವರ ಇರುವ ಪ್ಯಾಕೇಜ್ ಡಾಟ್ ಜೇಸನ್ ಫೈಲಿನ 'ಕಾಂಟ್ರಿಬ್ಯೂಟ್ಸ್' ಭಾಗದಲ್ಲಿ ಕಮಾಂಡ್ ಹಾಕಿ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಕಾಣುವಂತೆ ಮೆನುವಿಗೂ ಸೇರಿಸಿದೆ. ಅಲ್ಲಿರುವ ಕಮಾಂಡ್ ಐಡಿ, ಕೋಡಿನಲ್ಲಿ ರಿಜಿಸ್ಟರ್ ಮಾಡುವ ಐಡಿ ಎರಡೂ ಒಂದೇ ಇರಬೇಕು. ನಾನು ಒಂದು ಡಾಟ್ ಬಿಟ್ಟು, 'ಕಮಾಂಡ್ ನಾಟ್ ಫೌಂಡ್' ನೋಡುತ್ತಾ ಒಂದು ಕಾಫಿ ಮುಗಿಸಿದೆ. ಉಳಿದದ್ದು ಸರಳ: ಇನ್‌ಪುಟ್ ಬಾಕ್ಸಿನಲ್ಲಿ ಹೆಸರು ಕೇಳು, ಟೆಂಪ್ಲೇಟ್ (ಹೆಸರಿನ ಜಾಗ ಖಾಲಿ ಬಿಟ್ಟ ಮಾದರಿ ಫೈಲ್) ಓದು, ಹೆಸರು ತುಂಬು, ಬರೆ. ಒಂದು ಎಚ್ಚರ ಮಾತ್ರ ಬೇಕು. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ 'ರೈಟ್‌ಫೈಲ್' ಏನೂ ಕೇಳದೆ ಅದರ ಮೇಲೇ ಬರೆದುಬಿಡುತ್ತದೆ, ಆದ್ದರಿಂದ ಮೊದಲು ಇದೆಯೋ ಇಲ್ಲವೋ ನೋಡಿಕೊಳ್ಳಿ.

ಎಕ್ಸ್‌ಟೆನ್ಷನ್ ಪರೀಕ್ಷಿಸಿ ನೋಡಲು ಎಫ್5 ಒತ್ತಿದೆ. ಹೊಸ ವಿಂಡೋ ತೆರೆಯಿತು, ನಾಲ್ಕೂ ಫೈಲ್ ಬಂದವು. ಖುಷಿಯಲ್ಲಿ ಎಕ್ಸ್‌ಟೆನ್ಷನ್ ಪ್ಯಾಕ್ ಮಾಡುವ 'ವಿಎಸ್‌ಸಿಇ ಪ್ಯಾಕೇಜ್' ಕಮಾಂಡ್ ಓಡಿಸಿ, ಸಿಕ್ಕಿದ ವಿಎಸ್‌ಐಎಕ್ಸ್ ಫೈಲನ್ನು (ಬೇರೆಯವರು ಇನ್‌ಸ್ಟಾಲ್ ಮಾಡಿಕೊಳ್ಳುವ ಫೈಲ್) ಪಕ್ಕದಲ್ಲಿ ಕೂತಿದ್ದವರಿಗೆ ಕೊಟ್ಟೆ. ಅವರಲ್ಲಿ ಮೆನು ಬಂತು, ಕ್ಲಿಕ್ ಮಾಡಿದರೆ ಟೆಂಪ್ಲೇಟ್ ಫೈಲೇ ಇಲ್ಲ ಎಂಬ ಎರರ್! ಪಾತ್ ತಪ್ಪಿರಬೇಕು ಎಂದು ಅರ್ಧ ದಿನ ಪಾತನ್ನೇ ತಿದ್ದಿದೆ. ಕೊನೆಗೆ ಹೊಳೆಯಿತು, ವಿಎಸ್‌ಐಎಕ್ಸ್ ಅಂದರೆ ಒಂದು ಜಿಪ್ ಅಲ್ವಾ, ಬಿಚ್ಚಿ ನೋಡಿದರಾಯಿತು. ಬಿಚ್ಚಿದೆ. ಟೆಂಪ್ಲೇಟ್ ಫೋಲ್ಡರೇ ಇರಲಿಲ್ಲ. ನಾನು ಅದನ್ನು ಎಸ್‌ಆರ್‌ಸಿ (ಮೂಲ ಕೋಡ್ ಇರುವ ಫೋಲ್ಡರ್) ಒಳಗೆ ಇಟ್ಟಿದ್ದೆ. ಯೋಮನ್ ಮಾಡಿಕೊಟ್ಟ 'ವಿಎಸ್‌ಕೋಡ್‌ಇಗ್ನೋರ್' ಫೈಲು ಪ್ಯಾಕ್ ಮಾಡುವಾಗ ಎಸ್‌ಆರ್‌ಸಿಯನ್ನು ಪೂರ್ತಿ ಬಿಡು ಎನ್ನುತ್ತದೆ. ಎಫ್5ನಲ್ಲಿ ಓಡುವುದು ಪ್ರಾಜೆಕ್ಟ್ ಫೋಲ್ಡರಿನಿಂದಲೇ, ಅದಕ್ಕೇ ಅಲ್ಲಿ ಗೊತ್ತಾಗಿರಲಿಲ್ಲ.

ಟೆಂಪ್ಲೇಟುಗಳನ್ನು ಎಸ್‌ಆರ್‌ಸಿಯಿಂದ ಹೊರಗೆ ತಂದು, ಕೋಡಿನಲ್ಲಿ 'ಎಕ್ಸ್‌ಟೆನ್ಷನ್‌ಯುಆರ್‌ಐ'ಗೆ (ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಆದ ಜಾಗದ ವಿಳಾಸ) ಅದೇ ಪಾತ್ ಜೋಡಿಸಿದೆ. ಈಗ ಪ್ಯಾಕ್ ಮಾಡುವ ಮೊದಲು 'ವಿಎಸ್‌ಸಿಇ ಎಲ್‌ಎಸ್' ಓಡಿಸುತ್ತೇನೆ, ಒಳಗೆ ಏನೇನು ಹೋಗುತ್ತದೆ ಎಂದು ಅದು ಪಟ್ಟಿ ಕೊಡುತ್ತದೆ. ಪಕ್ಕದವರು ಈಗ ಹುಕ್‌ಗಳಿಗೂ (ಕಾಂಪೊನೆಂಟುಗಳು ಬಳಸುವ ರಿಯಾಕ್ಟ್ ಫಂಕ್ಷನ್‌ಗಳು) ಒಂದು ಟೆಂಪ್ಲೇಟ್ ಕೇಳುತ್ತಿದ್ದಾರೆ.