ಆರು ಸೈಕಲ್ಲು, ಒಂದು ಪಡಸಾಲೆ

ಮೈಸೂರಿನ ನಮ್ಮ ಮನೆಯಲ್ಲಿ ಎರಡೇ ಕೋಣೆ. ಅದಕ್ಕೆ ಹೊಂದಿಕೊಂಡು ಆರು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಪಡಸಾಲೆ. ಸೈಕಲ್ಲು ಮಾತ್ರ ಆರು: ಅಪ್ಪನ ಹರ್ಕ್ಯುಲಿಸ್, ಚಾಮುಂಡಿ ಬೆಟ್ಟ ಹತ್ತಲು ನಾನು ಕೊಂಡ ಗೇರ್ ಸೈಕಲ್, ಮಣ್ಣಿನ ದಾರಿಗೆಂದು ದಪ್ಪ ಟೈರಿನದು, ಹೆಂಡತಿಯದು, ಮಗಳದು, ಅವಳ ಬಾಲ್ಯದ ಪುಟ್ಟದು.

ಎಷ್ಟೋ ವರ್ಷ ಅವನ್ನು ಒಂದಕ್ಕೊಂದು ಒರಗಿಸಿಯೇ ಇಟ್ಟಿದ್ದೆ. ಹಿಂದಿನದನ್ನು ತೆಗೆಯಬೇಕೆಂದರೆ ಮುಂದಿನ ಐದನ್ನು ಸರಿಸಬೇಕು. ಇದರ ಪೆಡಲ್ ಅದರ ಕಡ್ಡಿಗಳೊಳಗೆ ಸಿಕ್ಕಿಕೊಂಡಿರುತ್ತಿತ್ತು. ಹಾಗಾಗಿ ಮುಂದಿದ್ದುದನ್ನೇ ತುಳಿಯುತ್ತಿದ್ದೆವು. ಒಂದು ವರ್ಷ ಮಳೆಗಾಲ ಮುಗಿದು ಆಯುಧಪೂಜೆಗೆಂದು ಎಲ್ಲವನ್ನೂ ಹೊರಗೆ ತೆಗೆದಾಗ ಗೋಡೆಯ ಮೂಲೆಯಲ್ಲಿದ್ದ ಅಪ್ಪನ ಸೈಕಲ್ ಕಣ್ಣಿಗೆ ಬಿತ್ತು. ಚೈನು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಚರ್ಮದ ಸೀಟಿನ ಮೇಲೆ ಹಸಿರು ಬೂಷ್ಟು. ಗಾಳಿ ಇಳಿದ ಟೈರು ರಿಮ್ಮಿನ ಅಡಿಯಲ್ಲಿ ಮಡಿಚಿಕೊಂಡು, ಮಡಿಕೆ ಬಿದ್ದಲ್ಲೆಲ್ಲ ಸೀಳಿತ್ತು. ಅದನ್ನು ಒರೆಸುತ್ತಾ ಬಹಳ ಹೊತ್ತು ಅಲ್ಲೇ ಕುಳಿತಿದ್ದೆ.

ಮರುದಿನ ಅಳತೆಪಟ್ಟಿ ಹಿಡಿದೆ. ಸೈಕಲ್ಲಿನ ಮೈ ಒಂದು ಗೇಣು ಅಗಲವಷ್ಟೇ; ಜಾಗ ತಿನ್ನುವುದು ಹ್ಯಾಂಡಲ್. ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ನೇತುಹಾಕಿ, ಪಕ್ಕದ್ದನ್ನು ಮುಕ್ಕಾಲು ಅಡಿ ಕೆಳಗಿಳಿಸಿದರೆ ಹ್ಯಾಂಡಲ್‌ಗಳು ಒಂದರ ಕೆಳಗೊಂದು ಹಾಯುತ್ತವೆ. ಗೋಡೆಯಿಂದ ಮೂರೂವರೆ ಅಡಿ ಮುಂದಕ್ಕೆ ಚಾಚಿದರೂ ಓಡಾಡಲು ದಾರಿ ಉಳಿಯುತ್ತದೆ.

ಕೊಕ್ಕೆ ಹಾಕಲು ಬಂದ ಬಡಗಿ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಸಾರ್, ಇದು ಹಾಲೋ ಬ್ಲಾಕು, ಒಳಗೆಲ್ಲ ಟೊಳ್ಳು. ಭಾರಕ್ಕೆ ಕಿತ್ತು ಬರುತ್ತದೆ, ಕೆಳಗೆ ಮಕ್ಕಳು ಓಡಾಡುತ್ತಾರೆ” ಎಂದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬಾಗಿಲು, ಕಿಟಕಿಗಳ ಮೇಲೆ ಹಾಯುವ ಕಾಂಕ್ರೀಟಿನ ಲಿಂಟಲ್‌ಗೆ ದಪ್ಪ ಮರದ ಪಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿದು, ಕೊಕ್ಕೆಗಳನ್ನು ಆ ಪಟ್ಟಿಗಳಿಗೆ ಕೂರಿಸಿದರು. ರಿಮ್ಮಿಗೆ ಗೀರು ಬೀಳದಂತೆ ಹಳೆಯ ಟ್ಯೂಬು ಕತ್ತರಿಸಿ ಕೊಕ್ಕೆಗೆ ಸುತ್ತಿದೆ.

ಒಂದು ತಪ್ಪನ್ನೂ ಮಾಡಿದೆ. ದಪ್ಪ ಟೈರಿನದಕ್ಕೆ ಹೈಡ್ರಾಲಿಕ್ ಬ್ರೇಕ್, ಅಂದರೆ ಕೊಳವೆಯೊಳಗಿನ ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕ್ ಇದೆ. ಅದನ್ನು ಹಿಂದಿನ ಚಕ್ರದಿಂದ ನೇತುಹಾಕಿದ್ದೆ. ಎರಡು ವಾರದ ಬಳಿಕ ಬ್ರೇಕ್ ಹಿಡಿದರೆ ಬೆರಳಿಗೆ ಮೆತ್ತಗೆ ಸಿಕ್ಕಿತು. ಎಣ್ಣೆಯ ಕೊಳವೆಗೆ ಗಾಳಿ ಹೋಗಿತ್ತು. ಅಂಥ ಸೈಕಲ್ಲಿನ ಹ್ಯಾಂಡಲ್ ಯಾವಾಗಲೂ ಮೇಲಕ್ಕೇ ಇರಬೇಕು.

ಪುಟ್ಟ ಸೈಕಲ್ಲನ್ನು ಬೀದಿಯ ಹೂವಿನವರ ಮಗನಿಗೆ ಕೊಟ್ಟೆವು. ಹೆಂಡತಿಯದು ದಿನವೂ ಹೊರಡುವುದರಿಂದ ನೆಲದಲ್ಲೇ ನಿಂತಿದೆ. ಉಳಿದವಕ್ಕೆ ಭಾನುವಾರ ಗಾಳಿ ತುಂಬುತ್ತೇನೆ, ಚೈನು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತೇನೆ. ತೆಂಗಿನೆಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಹರ್ಕ್ಯುಲಿಸ್ ಇಪ್ಪತ್ತು ಕಿಲೋ ತೂಗುತ್ತದೆ. ಎತ್ತಿ ನೇತುಹಾಕುವ ಮಾತೇ ಇಲ್ಲ. ಹೊಸ ಟೈರು, ಹೊಸ ವಾಲ್ ಟ್ಯೂಬು ಹಾಕಿಸಿ ಬಾಗಿಲ ಪಕ್ಕದಲ್ಲೇ ಜಾಗ ಕೊಟ್ಟಿದ್ದೇನೆ. ದೇವರಾಜ ಮಾರುಕಟ್ಟೆಗೆ ಹೋಗುವುದು ಈಗ ಅದರಲ್ಲೇ. ಬರುವಾಗ ಕ್ಯಾರಿಯರ್‌ನಲ್ಲಿ ಅಮ್ಮನಿಗೆ ಒಂದು ಕಟ್ಟು ಚಿಗುರೆಲೆ ಇರುತ್ತದೆ. ಕಂಬಿ ಬ್ರೇಕಿನ ಸದ್ದು ಗೇಟಿನ ಬಳಿ ಕೇಳಿದ ಕೂಡಲೇ ಅಮ್ಮ ಎದ್ದು ಬಾಗಿಲಿಗೆ ಬರುತ್ತಾಳೆ.