ಪದ್ಮಿನಿಗೆ ಹೊಸ ಬ್ರೇಕ್ ಶೂ: ಡ್ರಮ್ ನೋಡದೆ ಹಾಕಬೇಡಿ

ನಮ್ಮ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಅಪ್ಪ ಕೊನೆಯವರೆಗೂ ಅದನ್ನು ಫಿಯೆಟ್ ಅಂತಲೇ ಕರೆದರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗೋಡೆಗೆ ಶೂ ಅನ್ನುವ ಬಿಲ್ಲಿನಾಕಾರದ ಪಟ್ಟಿಗಳು ಒತ್ತಿ ಗಾಡಿ ನಿಲ್ಲಿಸುತ್ತವೆ. ಹೋದ ಮಳೆಗಾಲದಲ್ಲಿ ಬೆಳಗಾವಿಯಿಂದ ಗೋವಾಕ್ಕೆ ಹೊರಟಿದ್ದೆವು. ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯತೊಡಗಿತು. ಹಿಂದಿನ ತಿಂಗಳಷ್ಟೇ ಮುಂದಿನ ಶೂ ಬದಲಿಸಿದ್ದೆ. ಆದರೆ ಡ್ರಮ್ ಹಳೆಯದೇ. ಗೆರೆ ಬಿದ್ದ ಡ್ರಮ್ಮಿಗೆ ಹೊಸ ಶೂ ಪೂರ್ತಿ ತಾಗುವುದಿಲ್ಲ.

ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಏರಿಸಿದ ಮೇಲೆ ಸ್ಟ್ಯಾಂಡ್ ಇಡಲೇಬೇಕು. ಚಕ್ರ ಬಿಚ್ಚಿದ ಮೇಲೂ ಡ್ರಮ್ ಬರದಿದ್ದರೆ ಅಡ್ಜಸ್ಟರ್ (ಶೂ ಮತ್ತು ಡ್ರಮ್ ನಡುವಿನ ಸಂದು ಹೊಂದಿಸುವ ಭಾಗ) ಸಡಿಲಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿಯಿರಿ. ಅಂಚಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಬೀಡು ಕಬ್ಬಿಣ ಒಡೆಯುತ್ತದೆ.

ಒಳಗಿನ ಕಪ್ಪು ಪುಡಿಯನ್ನು ಊದಬೇಡಿ, ಏರ್ ಹೊಡೆಯಲೂ ಬೇಡಿ. ಹಳೆ ಲೈನಿಂಗ್‌ನಲ್ಲಿ, ಅಂದರೆ ಶೂ ಮೇಲಿನ ಉಜ್ಜುವ ಪದರದಲ್ಲಿ, ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಈಗ ಡ್ರಮ್ಮಿನ ಒಳಗೆ ಉಗುರು ಆಡಿಸಿ. ಗೆರೆಗೆ ಉಗುರು ಸಿಕ್ಕಿದರೆ ಲೇಥಿಗೆ ಒಯ್ಯಿರಿ. ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಲೇಥ್‌ಗೆ ಬರವಿಲ್ಲ ಅಲ್ವಾ? ಎಡ ಬಲ ಎರಡನ್ನೂ ಒಟ್ಟಿಗೆ ಕೊಟ್ಟು, ಒಂದೇ ಅಳತೆಗೆ ಟರ್ನಿಂಗ್ ಮಾಡಿಸಿ, ಅಂದರೆ ಒಳಗೋಡೆ ಕೆತ್ತಿಸಿ ನುಣುಪು ಮಾಡಿಸಿ. ನಾನು ಇನ್ನೂ ನುಣುಪಾಗಲಿ ಅಂದಾಗ ಲೇಥಿನ ಕಾಕಾ ಯಂತ್ರ ನಿಲ್ಲಿಸಿಬಿಟ್ಟರು. "ಸಾಕ್ರೀ. ಇನ್ನ ತೆಗದ್ರ ಡ್ರಮ್ ತೆಳ್ಳಗಾಗ್ತದ, ಕಾದು ಸೀಳ್ತದ." ಅವರ ಮಾತು ಸರಿ. ಆಳ ಗೆರೆ ಇದ್ದರೆ ಬೇರೆ ಡ್ರಮ್ ಹುಡುಕುವುದೇ ಒಳ್ಳೆಯದು.

ಶೂ ಬಿಚ್ಚುವ ಮೊದಲು ಸ್ಪ್ರಿಂಗ್‌ಗಳ ಫೋಟೋ ತೆಗೆಯಿರಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಆಗ ಅನುಮಾನ ಬಂದರೆ ನೋಡಲು ಜೋಡಿ ಇರುತ್ತದೆ. ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿ. ಒಳಗೆ ತೇವ ಇದ್ದರೆ ಸಿಲಿಂಡರ್ ಸರಿ ಮಾಡದೆ ಹೊಸ ಶೂ ಹಾಕಬೇಡಿ, ಬ್ರೇಕ್ ಆಯಿಲ್ ಕುಡಿದ ಶೂ ಹಿಡಿಯುವುದಿಲ್ಲ. ಡ್ರಮ್ ಇಲ್ಲದಾಗ ಯಾರೂ ಪೆಡಲ್ ಒತ್ತಬಾರದು, ಸಿಲಿಂಡರಿನ ಪಿಸ್ಟನ್ ಹೊರಗೆ ಬರುತ್ತದೆ. ಲೈನಿಂಗ್‌ಗೆ ಗ್ರೀಸ್ ಕೈ ತಾಗಿಸಬೇಡಿ.

ಡ್ರಮ್, ಚಕ್ರ ಕೂರಿಸಿ, ಚಕ್ರ ತಿರುಗದಷ್ಟು ಅಡ್ಜಸ್ಟರ್ ಬಿಗಿ ಮಾಡಿ. ಮತ್ತೆ ಚಕ್ರ ಸಲೀಸಾಗಿ ತಿರುಗುವವರೆಗೆ ಸಡಿಲಿಸಿ. ಪೆಡಲ್ ಗಟ್ಟಿಯಾಗುವ ತನಕ ಒತ್ತಿದ ಮೇಲೆಯೇ ಗಾಡಿ ತೆಗೆಯಿರಿ. ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಮೆಲ್ಲಗೆ ಬ್ರೇಕ್ ಹಿಡಿದು ನೋಡಿ. ಕೆಲವು ದಿನ ಓಡಿಸಿದ ಮೇಲೆ ಶೂ ಕೂರುತ್ತದೆ, ಆಗ ಇನ್ನೊಮ್ಮೆ ಅಡ್ಜಸ್ಟ್ ಮಾಡಿ. ಘಾಟ್ ಇಳಿಸುವುದು ಅದಾದ ಮೇಲೆ, ಅದೂ ಸೆಕೆಂಡ್ ಗೇರಿನಲ್ಲಿ.